ಬಾಯಿ ಮುಚ್ಚಿಕೊಂಡ ಮನುಷ್ಯ

ಸೀತಾರಾಮಯ್ಯನವರ ವಸಡಿನಲ್ಲಿ ಮೊದಲು ರಕ್ತ ಕಂಡದ್ದು ಸಾವಿರದ ಒಂಬೈನೂರ ಅರವತ್ತಾರರ ಹೋಳಿಯ ಮಾರನೆಯ ದಿನ. ಅಹಮದಾಬಾದಿನ ಮಣಿನಗರದ ಬಾಡಿಗೆ ಮನೆಯ ಹಿಂದೆ, ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು. ಉಗುಳಿದ ನೀರು ಕೆಂಪಗಿತ್ತು. ಹಿಂದಿನ ದಿನ ಆಫೀಸಿನವರು ಬಳಿದ ಬಣ್ಣ ಇನ್ನೂ ಹೋಗಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಮುಕ್ಕಳಿಸಿದರು. ಮತ್ತೆ ಕೆಂಪು. ಕಡ್ಡಿ ಒರಟಾಗಿರಬೇಕು ಎಂದು ಅದನ್ನು ಎಸೆದು, ನೀರು ಸುರಿದು ಕಲೆ ತೊಳೆದು ಒಳಗೆ ಬಂದರು. ಹೆಂಡತಿ ಇಂದುಮತಿಗೆ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಾದರೂ ಇದೆ ಅನ್ನಿಸಲಿಲ್ಲ.

ಅವರಿಗೆ ಆಗ ನಲವತ್ತೇಳು. ಚಿತ್ರದುರ್ಗದ ಕಡೆಯ ಹೊಸದುರ್ಗದವರು. ಬಟ್ಟೆಯ ಬಣ್ಣಗಳನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಉಗ್ರಾಣದ ಕೆಲಸ ಸಿಕ್ಕಿ, ಮಗಳು ಪ್ರೇಮಾ ನಾಲ್ಕು ವರ್ಷದ ಮಗುವಾಗಿದ್ದಾಗ ಅಹಮದಾಬಾದಿಗೆ ಬಂದಿದ್ದರು. ಗಾಜಿನ ಪಾತ್ರೆ, ಆಸಿಡ್ಡಿನ ಬುಡ್ಡಿ, ಬಣ್ಣದ ಡಬ್ಬಿ, ಎಲ್ಲವೂ ಅವರ ಸುಪರ್ದಿನಲ್ಲಿ. ಎಲ್ಲಕ್ಕಿಂತ ಹೆಚ್ಚಿನ ಜವಾಬ್ದಾರಿ ಸ್ಪಿರಿಟ್ಟಿನ ಪೀಪಾಯಿಯದು. ಗುಜರಾತಿನಲ್ಲಿ ಪಾನನಿರೋಧ, ಹೆಂಡ ಸಾರಾಯಿ ಮುಟ್ಟಿದರೆ ಜೈಲು. ಪ್ರಯೋಗಕ್ಕೆ ಬೇಕಾದ ಸ್ಪಿರಿಟ್ಟನ್ನೂ ಸರ್ಕಾರದ ಪರವಾನಗಿ ಪಡೆದು, ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಇಡಬೇಕಿತ್ತು. ಆ ಕೋಣೆಯ ಬೀಗದ ಕೈಯನ್ನು ಸೀತಾರಾಮಯ್ಯ ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಸ್ನಾನದಲ್ಲೂ ಅದು ಮೈಮೇಲೇ.

ಅಚ್ಚುಕಟ್ಟಿನ ಮನುಷ್ಯ. ದಿನಕ್ಕೆ ಎರಡು ಸಲ ಸ್ನಾನ, ಊಟವಾದ ಮೇಲೆ ಏಳು ಸಲ ಬಾಯಿ ಮುಕ್ಕಳಿಸುವುದು. ಕಾಫಿಯ ಲೋಟವನ್ನು ಕೂಡ ಕಚ್ಚದೆ ಎತ್ತಿ ಕುಡಿಯುವ ರೂಢಿ. ಅಂಥವರಿಗೆ ಆ ಬೇಸಿಗೆಯಲ್ಲಿ ಬಾಯಿಯೇ ಶತ್ರುವಾಯಿತು. ವಸಡು ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತು. ಬೆರಳಲ್ಲಿ ಒತ್ತಿದರೆ ಹಲ್ಲಿನ ಸಂದಿಯಿಂದ ಕೀವು ಬರುತ್ತಿತ್ತು. ಉಪ್ಪು ತಿಕ್ಕಿದರು, ಲವಂಗದೆಣ್ಣೆ ಹಚ್ಚಿದರು, ಬೇವಿನ ಕಡ್ಡಿ ಬಿಟ್ಟು ಹಲ್ಲುಪುಡಿ ತಂದರು. ಒಂದು ವಾರ ಕಡಿಮೆಯಾದ ಹಾಗೆ ಕಂಡು ಮತ್ತೆ ಶುರುವಾಗುತ್ತಿತ್ತು. ತಮ್ಮ ಬಾಯಿ ವಾಸನೆ ತಮಗೇ ತಿಳಿಯತೊಡಗಿದಾಗ ಅವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂಗಡಿಯಿಂದ ಏಲಕ್ಕಿಯ ಪೊಟ್ಟಣ ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಯಾರಾದರೂ ಹತ್ತಿರ ಬಂದರೆ ಎರಡು ಕಾಳು ಬಾಯಿಗೆ ಹಾಕಿಕೊಳ್ಳುವರು, ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುವರು.

ಏಪ್ರಿಲ್ ಕಳೆಯುವ ಹೊತ್ತಿಗೆ ಬಾಯಾರಿಕೆಯೂ ಅಂಟಿಕೊಂಡಿತು. ಮಣ್ಣಿನ ಹೂಜಿಯನ್ನು ಇಂದುಮತಿ ಬೆಳಗ್ಗೆ ತುಂಬಿಸಿಟ್ಟರೆ ಮಧ್ಯಾಹ್ನಕ್ಕೆ ಖಾಲಿ. "ಈ ಊರಿನ ಬಿಸಿಲು ಕಣೆ, ಒಳಗೆಲ್ಲ ಬೆಂದುಹೋಗುತ್ತೆ," ಎನ್ನುತ್ತಿದ್ದರು. ಊಟ ಚೆನ್ನಾಗಿ ಮಾಡುತ್ತಿದ್ದರೂ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಒಂದೊಂದು ದಿನ ಕುರ್ಚಿಯಿಂದ ಏಳುವಾಗ ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುವರು. ಸಣ್ಣ ಮಾತಿಗೂ ರೇಗುವರು. ಅವರು ಮಾತಾಡಿದಾಗ ಇಂದುಮತಿಗೆ ಒಂದು ವಿಚಿತ್ರ ವಾಸನೆ ಬರುತ್ತಿತ್ತು. ಕೊಳೆತದ್ದರ ವಾಸನೆ ಒಂದು ಕಡೆ, ಅದರ ಒಳಗೆ ಸಿಹಿಯಾದ, ಹಣ್ಣು ಹುಳಿ ಬಂದಾಗಿನ ಹಾಗೆ ಇನ್ನೊಂದು. ಆಕೆ ಮುಖ ಆ ಕಡೆ ಮಾಡಿಕೊಳ್ಳತೊಡಗಿದಳು. ಬಡಿಸುವಾಗ ಕೈ ಚಾಚಿ ದೂರದಿಂದ ಬಡಿಸುವಳು. ಹಾಸಿಗೆಯನ್ನು ಸೆಖೆಯ ನೆಪ ಹೇಳಿ ಮಗಳ ಪಕ್ಕಕ್ಕೆ ಎಳೆದುಕೊಂಡಳು. ಅವರು ಗಮನಿಸಿದರು.

ಪಕ್ಕದ ಮನೆಯ ಜಯಂತಿ ಧಾರವಾಡದವಳು, ಗಂಡ ಬ್ಯಾಂಕಿನಲ್ಲಿ. ಒಂದು ಮಧ್ಯಾಹ್ನ ಇಬ್ಬರೂ ಹಪ್ಪಳ ಒಣಹಾಕುತ್ತಿರುವಾಗ ಅವಳು ಕೇಳಿದಳು.

"ಇಂದಕ್ಕಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಯಜಮಾನ್ರು ಯಾವಾಗ ನೋಡಿದ್ರೂ ಯಾಲಕ್ಕಿ ಅಗಿತಿರ್ತಾರಲ್ರಿ?"

"ಹಲ್ಲುನೋವು ಅಂತಾರೆ."

"ಹೂಂ, ಇರಬಹುದ್ರಿ. ನಮ್ಮ ಸ್ವಾದರಮಾವನೂ ಹಿಂಗ ಯಾಲಕ್ಕಿ, ಲವಂಗ ಅಂತಿದ್ದ. ಆಮ್ಯಾಲ ಗೊತ್ತಾತು, ಕುಡದದ್ದು ಮುಚ್ಚಾಕ ಅಂತ."

ಇಂದುಮತಿ ಕೈಯಲ್ಲಿದ್ದ ಹಪ್ಪಳವನ್ನು ಬಟ್ಟೆಯ ಮೇಲೆ ಹಾಕಿ ಅದರ ಅಂಚನ್ನು ಸರಿಪಡಿಸುತ್ತ ಕೂತಳು. "ಇವರು ಅಂಥವರಲ್ಲ," ಎಂದಳು. ಆದರೆ ಆ ಮಾತು ಒಳಗೆ ಹೊಕ್ಕು ಕೂತಿತು. ಉಗ್ರಾಣದಲ್ಲಿ ಸ್ಪಿರಿಟ್ ಇದೆ. ಬೀಗದ ಕೈ ಇವರ ಹತ್ತಿರ. ಗೋಡೆ ಹಿಡಿದು ನಡೆಯುತ್ತಾರೆ. ರೇಗುತ್ತಾರೆ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿದರೆ ಎಲ್ಲವೂ ಹೊಂದಿಕೊಳ್ಳುತ್ತಿತ್ತು.

ಜೂನ್ ತಿಂಗಳಲ್ಲಿ ಪ್ರಯೋಗಾಲಯದ ಸ್ಪಿರಿಟ್ ಅಳೆದಾಗ ನಾಲ್ಕು ಬಾಟಲಿಯಷ್ಟು ಕಡಿಮೆ ಬಂತು. ಆಡಳಿತಾಧಿಕಾರಿ ತ್ರಿವೇದಿ ಕೆಟ್ಟ ಮನುಷ್ಯನಲ್ಲ. ಹನ್ನೆರಡು ವರ್ಷಗಳಲ್ಲಿ ಒಂದು ಗಾಜಿನ ಕೊಳವೆಯ ಲೆಕ್ಕವನ್ನೂ ತಪ್ಪದ ಸೀತಾರಾಮಯ್ಯನ ಮೇಲೆ ಅವರಿಗೆ ಗೌರವವಿತ್ತು. ಬಾಗಿಲು ಹಾಕಿಸಿ, ಎದುರಿಗೆ ಕೂರಿಸಿಕೊಂಡು ಹಿಂದಿಯಲ್ಲಿ ಕೇಳಿದರು.

"ಸೀತಾರಾಮ್‌ಭಾಯ್, ಕೋಣೆಯ ಕೀಲಿ ಇನ್ನು ಯಾರ ಹತ್ತಿರ ಇದೆ?"

"ಯಾರ ಹತ್ತಿರವೂ ಇಲ್ಲ ಸಾಹೇಬ್. ನನ್ನ ಹತ್ತಿರ ಒಂದೇ."

"ಹಾಗಾದರೆ ಸ್ಪಿರಿಟ್ ಎಲ್ಲಿ ಹೋಯಿತು?"

"ಗೊತ್ತಿಲ್ಲ ಸಾಹೇಬ್. ನಾನೂ ಅದನ್ನೇ ಯೋಚಿಸ್ತಿದ್ದೇನೆ."

ಉತ್ತರ ಕೊಡುವಾಗೆಲ್ಲ ಅವರು ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ತ್ರಿವೇದಿಯವರ ದೃಷ್ಟಿ ಅದರ ಮೇಲೆ ಬಿತ್ತು.

"ಆ ಬಟ್ಟೆ ತೆಗೆಯಿರಿ."

ಸೀತಾರಾಮಯ್ಯ ತೆಗೆಯಲಿಲ್ಲ. ತ್ರಿವೇದಿ ಎದ್ದು ಬಂದು, ತಾವೇ ಅವರ ಕೈಯನ್ನು ಹಿಡಿದು ಕೆಳಗಿಳಿಸಿದರು. ಬಗ್ಗಿ ಒಮ್ಮೆ ಉಸಿರೆಳೆದುಕೊಂಡು ಹಿಂದೆ ಸರಿದರು. ಏಲಕ್ಕಿ, ಕೊಳೆತ ವಾಸನೆ, ಅದರಡಿಯಲ್ಲಿ ಹುಳಿತ ಹಣ್ಣಿನ ವಾಸನೆ.

"ನಿಮ್ಮಂಥವರು…" ಎಂದು ಶುರುಮಾಡಿ ಅವರು ಮಾತು ಮುಗಿಸಲಿಲ್ಲ.

ಸೀತಾರಾಮಯ್ಯನಿಗೆ ಆ ಕ್ಷಣದಲ್ಲಿ ವಸಡಿನ ವಿಷಯ ಹೇಳಬಹುದಿತ್ತು. ಬಾಯಿ ತೆರೆದು ತೋರಿಸಬಹುದಿತ್ತು. ಆದರೆ ಅಧಿಕಾರಿಯ ಎದುರು ಬಾಯಿ ಅಗಲಿಸಿ ಕೀವು ತೋರಿಸುವುದು ಅವರಿಂದ ಆಗಲಿಲ್ಲ. "ನಾನು ಮುಟ್ಟಿಲ್ಲ ಸಾಹೇಬ್," ಎಂದಷ್ಟೇ ಹೇಳಿ ಮತ್ತೆ ಕರವಸ್ತ್ರ ಹಿಡಿದುಕೊಂಡರು.

ಪೊಲೀಸರವರೆಗೆ ಹೋಗದ ಹಾಗೆ ತ್ರಿವೇದಿ ನೋಡಿಕೊಂಡರು. ಅದನ್ನು ಉಪಕಾರ ಎಂದೇ ಅವರು ತಿಳಿದಿದ್ದರು. ಸೀತಾರಾಮಯ್ಯನವರ ಸೇವಾ ಕಡತದಲ್ಲಿ 'ಮದ್ಯಪಾನದ ಬಲವಾದ ಸಂದೇಹ' ಎಂದು ಒಂದು ಸಾಲು ಬರೆದು, ಬೀಗದ ಕೈ ತೆಗೆದುಕೊಂಡು, ಸೂರತಿನ ಚಿಕ್ಕ ಶಾಖೆಗೆ ಗುಮಾಸ್ತನಾಗಿ ವರ್ಗ ಮಾಡಿದರು.

ಮನೆಯಲ್ಲಿ ಈ ಸುದ್ದಿಯನ್ನು ಅವರು ಊಟಕ್ಕೆ ಕೂತಾಗ ಹೇಳಿದರು, ಬೇರೆ ಯಾರದ್ದೋ ವಿಷಯ ಹೇಳುವ ಹಾಗೆ. ಇಂದುಮತಿ ಸೌಟನ್ನು ಪಾತ್ರೆಯಲ್ಲಿಟ್ಟು ನಿಂತುಬಿಟ್ಟಳು.

"ನಿಜ ಹೇಳಿಬಿಡಿ. ಕುಡೀತೀರಾ?"

"ನೀನೂ ಕೇಳ್ತಿದೀಯಾ?"

"ನನಗೂ ಮೂಗಿದೆ ಕಣ್ರೀ. ಮೂರು ತಿಂಗಳಿಂದ ನೋಡ್ತಿದೀನಿ. ಕುಡಿಯಲ್ಲ ಅಂದ್ರೆ ಪ್ರೇಮಾ ತಲೆ ಮೇಲೆ ಕೈಯಿಟ್ಟು ಹೇಳಿ."

ಪ್ರೇಮಾ ಪಕ್ಕದಲ್ಲೇ ತಟ್ಟೆಯ ಮುಂದೆ ಕೂತಿದ್ದಳು. ಹದಿನಾರರ ಹುಡುಗಿ. ಸೀತಾರಾಮಯ್ಯ ಬಲಗೈ ಎಂಜಲೆಂದು ನೋಡಿಕೊಂಡು, ಎದ್ದು ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದು ಮಗಳ ನೆತ್ತಿಯ ಮೇಲೆ ಇಟ್ಟರು.

"ನಾನು ಕುಡಿದಿಲ್ಲ. ಸಾಕಾ?"

ಇಂದುಮತಿ ಸಾಕು ಎಂದಳು. ಆದರೆ ಸಾಕಾಗಲಿಲ್ಲ. ಎರಡು ದಿನ ಕಳೆದ ಮೇಲೆ, ಅವರು ಸ್ನಾನಕ್ಕೆ ಹೋಗಿದ್ದಾಗ, ಸೂರತಿಗೆಂದು ಕಟ್ಟಿಟ್ಟ ಅವರ ಪೆಟ್ಟಿಗೆಯನ್ನು ತೆಗೆದು ಬಟ್ಟೆಗಳ ಕೆಳಗೆ ಕೈಯಾಡಿಸಿದಳು, ಪಂಚೆಗಳನ್ನು ಒಂದೊಂದಾಗಿ ಬಿಡಿಸಿ ಮೂಸಿದಳು. ತಲೆಯೆತ್ತಿದಾಗ ಅವರು ಒದ್ದೆ ಮೈಯಲ್ಲಿ ಬಾಗಿಲಲ್ಲಿ ನಿಂತಿದ್ದರು. ಬಂದು, ಆಕೆ ಬಿಡಿಸಿದ ಪಂಚೆಗಳನ್ನು ಮಡಿಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟರು.

ಪ್ರೇಮಾಳದು ಮೆಟ್ರಿಕ್ ವರ್ಷ. ಶಾಲೆ ಬಿಡಿಸುವುದು ಬೇಡವೆಂದು ತಾಯಿ ಮಗಳು ಅಹಮದಾಬಾದಿನಲ್ಲೇ ಉಳಿದರು. ಅದು ಹೊರಗಿನವರಿಗೆ ಹೇಳಿದ ಕಾರಣ.

ಸೂರತಿನಲ್ಲಿ ಸೀತಾರಾಮಯ್ಯ ತಾಪಿ ನದಿಯ ಕಡೆಯ ಒಂದು ಓಣಿಯಲ್ಲಿ, ಮಹಡಿಯ ಒಂಟಿ ಕೋಣೆಯಲ್ಲಿದ್ದರು. ವಾರಕ್ಕೊಂದು ಕಾರ್ಡು ಬರೆಯುವರು: ಕ್ಷೇಮ, ಪ್ರೇಮಾ ಚೆನ್ನಾಗಿ ಓದಲಿ. ಬೆಳಗ್ಗೆ ತಾವೇ ಅನ್ನ ಮಾಡಿಕೊಳ್ಳುವರು. ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಊಟ. ಅಲ್ಲಿನ ಬೇಳೆಗೂ ಪಲ್ಯಕ್ಕೂ ಬೆಲ್ಲ. ದಿನದಿನಕ್ಕೆ ಆಯಾಸ ಹೆಚ್ಚಿತು. ಶಾಖೆಯಲ್ಲಿ ಆರು ಜನ. ಅವರು ಬರುವ ಮುಂಚೆಯೇ ಅವರ ವಿಷಯ ಅಲ್ಲಿಗೆ ಬಂದಿತ್ತು. ಯಾರೂ ಅವರೊಡನೆ ಚಹಾಕ್ಕೆ ಹೋಗುತ್ತಿರಲಿಲ್ಲ. ಅವರೂ ಕರೆಯುತ್ತಿರಲಿಲ್ಲ. ಯಾರೊಂದಿಗೂ ಮಾತಾಡಬೇಕಾಗಿಲ್ಲ ಎಂಬುದು ಒಂದು ರೀತಿಯ ಸಮಾಧಾನವೇ ಆಗಿತ್ತು.

ಮುಂದಿನ ಜನವರಿಯಲ್ಲಿ, ಉತ್ತರಾಯಣದ ಗಾಳಿಪಟಗಳು ಆಕಾಶ ತುಂಬಿದ್ದ ದಿನ, ಅನ್ನ ಅಗಿಯುತ್ತಿರುವಾಗ ಕೆಳಗಿನ ದವಡೆಯ ಹಲ್ಲೊಂದು ಸಡಿಲಗೊಂಡು ನಾಲಿಗೆಯ ಮೇಲೆ ಬಂತು. ನೋವೇ ಇರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ನೋಡಿದರು. ಹುಳುಕಿಲ್ಲ, ಬೇರಿನ ತನಕ ಬಿಳಿಯಾಗಿ ಗಟ್ಟಿಯಾಗಿತ್ತು. ಒಳ್ಳೆಯ ಹಲ್ಲು ಹೀಗೇಕೆ ಬಿದ್ದಿತು ಎಂದು ಅವರಿಗೆ ಹೆದರಿಕೆಯಾಯಿತು. ಆ ವಾರದಲ್ಲಿ ಇನ್ನೆರಡು ಹೋದವು.

ಆಗ ಅವರು ಸೂರತಿನ ನಾನ್‌ಪುರಾ ಬಡಾವಣೆಯ ದಂತವೈದ್ಯ ಭರೂಚಾರ ಹತ್ತಿರ ಹೋದರು. ಅರವತ್ತು ದಾಟಿದ ಪಾರ್ಸಿ. ಕಾಲಲ್ಲಿ ತುಳಿದು ತಿರುಗಿಸುವ ಹಳೆಯ ಯಂತ್ರ, ಕಿಟಕಿಯ ಬೆಳಕಿಗೆ ತಿರುಗಿಸಿಟ್ಟ ಕುರ್ಚಿ. ಸೀತಾರಾಮಯ್ಯ ಕುರ್ಚಿಯಲ್ಲಿ ಕೂತು, ಕರವಸ್ತ್ರ ತೆಗೆಯುವ ಮೊದಲೇ ಹೇಳಿದರು.

"ಸಾಹೇಬ್, ನಾನು ಕುಡಿಯೋದಿಲ್ಲ."

ಭರೂಚಾ ಕನ್ನಡಕದ ಮೇಲಿಂದ ನೋಡಿದರು. "ನಾನು ಕೇಳಲೇ ಇಲ್ಲವಲ್ಲ."

"ಎಲ್ಲರೂ ಕೇಳ್ತಾರೆ. ಅದಕ್ಕೇ ಮೊದಲೇ ಹೇಳಿದೆ."

"ಬಾಯಿ ತೆಗೆಯಿರಿ ಭಾಯ್."

ತುಂಬ ಹೊತ್ತು ನೋಡಿದರು. ಚಿಕ್ಕ ಕನ್ನಡಿ ಹಿಡಿದು ಒಂದೊಂದು ಹಲ್ಲನ್ನೂ ಅಲುಗಿಸಿದರು. ವಸಡಿನಲ್ಲಿ ಏಳು ಕಡೆ ಕೀವಿನ ಗಂಟು. ಬಾಯಿ ಒಣಗಿ ನಾಲಿಗೆ ಬಿರುಕು ಬಿಟ್ಟಿತ್ತು. ಅವರು ಮುಖ ತಿರುಗಿಸಲಿಲ್ಲ, ಮೂಗು ಮುಚ್ಚಲಿಲ್ಲ. ಇನ್ನೂ ಹತ್ತಿರ ಬಗ್ಗಿ ಎರಡು ಸಲ ಉಸಿರೆಳೆದುಕೊಂಡರು. ಸೂರತಿಗೆ ಬಂದ ಮೇಲೆ ಯಾರೂ ತಮ್ಮ ಮುಖಕ್ಕೆ ಅಷ್ಟು ಹತ್ತಿರ ಬಂದಿರಲಿಲ್ಲ ಎಂಬುದು ಸೀತಾರಾಮಯ್ಯನ ಅರಿವಿಗೆ ಬಂತು.

"ನೀರು ಎಷ್ಟು ಕುಡೀತೀರಿ?"

"ಎಷ್ಟು ಕುಡಿದರೂ ಸಾಲದು."

"ಮೂತ್ರಕ್ಕೆ?"

"ಗಂಟೆಗೊಂದು ಸಲ."

"ಅಲ್ಲಿ ಇರುವೆ ಬರುತ್ತವೆಯೇ?"

ಸೀತಾರಾಮಯ್ಯ ಚಕಿತರಾದರು. ಮಹಡಿಯ ಬಚ್ಚಲಿನಲ್ಲಿ ಇರುವೆ ಮುತ್ತುವುದು ನಿಜ. ಕೆಳಗಿನ ಮನೆಯವರು ಅದಕ್ಕಾಗಿ ಜಗಳವನ್ನೂ ಆಡಿದ್ದರು.

ಭರೂಚಾ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಗಾಜಿನ ಕೊಳವೆಗೆ ನೀಲಿ ದ್ರಾವಣ ಹಾಕಿ, ಅದಕ್ಕೆ ಅವರ ಮೂತ್ರದ ಎಂಟು ಹನಿ ಬೀಳಿಸಿ ದೀಪದ ಮೇಲೆ ಹಿಡಿದರು. ಆ ನೀಲಿಯನ್ನು ಸೀತಾರಾಮಯ್ಯ ಗುರುತಿಸಿದರು. ಅದಕ್ಕೆ ಬೇಕಾದ ಮೈಲುತುತ್ತವನ್ನು ಹನ್ನೆರಡು ವರ್ಷ ತಾವೇ ತೂಗಿ ಕೊಟ್ಟಿದ್ದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡುತ್ತಿದ್ದ ಹಾಗೆಯೇ ಇಟ್ಟಿಗೆಯ ಕೆಂಪಾಗಿ ತಳಕ್ಕೆ ಇಳಿಯಿತು.

"ಸಕ್ಕರೆ ಕಾಯಿಲೆ," ಎಂದರು ಭರೂಚಾ. "ಒಂದೆರಡು ವರ್ಷದಿಂದ ಇದ್ದಿರಬೇಕು. ಸಕ್ಕರೆ ಏರಿದರೆ ವಸಡು ಕೊಳೆಯುತ್ತೆ. ವಸಡಿನ ಕೀವು ಒಳಗೆ ಇಳಿದರೆ ಸಕ್ಕರೆ ಇನ್ನೂ ಏರುತ್ತೆ. ಒಂದು ಇನ್ನೊಂದನ್ನು ಸಾಕುತ್ತೆ. ನೀವು ಎಷ್ಟು ಉಪ್ಪು ತಿಕ್ಕಿದರೂ ಏನೂ ಆಗುತ್ತಿರಲಿಲ್ಲ."

"ಮತ್ತೆ ಆ ವಾಸನೆ? ಹೆಂಡದ ಹಾಗೆ…"

"ಅದೂ ಇದರದ್ದೇ. ರಕ್ತದಿಂದ ಉಸಿರಿಗೆ ಬರುತ್ತೆ. ತಿಳಿಯದವರು ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ."

ಸೀತಾರಾಮಯ್ಯ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಕಾಯಿಲೆಯ ಭಯಕ್ಕಲ್ಲ. ಅತ್ತು ಮುಗಿಸಿ ಎಲ್ಲವನ್ನೂ ಆ ಅಪರಿಚಿತ ಮುದುಕನಿಗೆ ಹೇಳಿದರು: ಪೀಪಾಯಿ, ತ್ರಿವೇದಿ, ಮಗಳ ತಲೆಯ ಮೇಲಿಟ್ಟ ಕೈ. ಪೆಟ್ಟಿಗೆಯ ವಿಷಯ ಮಾತ್ರ ಹೇಳಲಿಲ್ಲ.

ಹಲ್ಲು ಕೀಳಲು ಭರೂಚಾ ಒಪ್ಪಲಿಲ್ಲ. ಈ ಸ್ಥಿತಿಯಲ್ಲಿ ಕಿತ್ತರೆ ಗಾಯ ಮಾಯುವುದಿಲ್ಲ, ಮೊದಲು ಇನ್ಸುಲಿನ್ ಆಗಬೇಕು ಎಂದರು. ಬಡೋದೆಯ ದೊಡ್ಡ ಆಸ್ಪತ್ರೆಯಲ್ಲಿ ಅವರ ತಂಗಿಯ ಮಗ ವೈದ್ಯ. ಅವನಿಗೆ ಕಾಗದ ಬರೆದುಕೊಟ್ಟು, ನಾಳೆಯೇ ಹೊರಡಿ ಎಂದರು. ಸೀತಾರಾಮಯ್ಯ ರಜೆಗೆ ಅರ್ಜಿ ಹಾಕಿದರು. ರಜೆ ಮಂಜೂರಾಗಲು ಆರು ದಿನ ಹಿಡಿಯಿತು. ಹೇಳದೆ ಹೋದರೆ ಕಡತದಲ್ಲಿ ಇನ್ನೊಂದು ಸಾಲು ಬೀಳುತ್ತದೆ ಎಂದು ಅವರು ಕಾದರು. ಐದನೆಯ ದಿನ ಎಡ ದವಡೆ ಊದಿ ಕಣ್ಣಿನವರೆಗೆ ಬಂತು, ಜ್ವರ ಏರಿತು. ಆರನೆಯ ದಿನ ಭರೂಚಾ ತಾವೇ ಕುದುರೆಗಾಡಿ ತಂದು, ಅವರನ್ನು ಕೂರಿಸಿಕೊಂಡು ಸ್ಟೇಷನ್ನಿಗೆ ಹೋಗಿ, ಬಡೋದೆಯವರೆಗೂ ಜೊತೆಗೆ ಹೋದರು.

ಅಲ್ಲಿಂದಲೇ ಭರೂಚಾ ಇಂದುಮತಿಗೆ ಕಾಗದ ಬರೆದದ್ದು. ಗುಜರಾತಿಯಲ್ಲಿತ್ತು. ಇಂದುಮತಿಗೆ ಆ ಲಿಪಿ ಬಾರದು. ಶಾಲೆಯಿಂದ ಬಂದ ಪ್ರೇಮಾ, ಚೀಲವನ್ನು ಹೆಗಲಿನಿಂದ ಇಳಿಸದೆಯೇ ಓದತೊಡಗಿದಳು. ಅವಳ ಕನ್ನಡ ಮನೆಯೊಳಗಿನ ಕನ್ನಡ. ಇಂಥ ವಿಷಯಗಳಿಗೆ ಅದರಲ್ಲಿ ಮಾತುಗಳಿರಲಿಲ್ಲ.

"ಅಮ್ಮ, ಇದು ಡಾಕ್ಟರ್ ಬರೆದಿರೋದು. ಹಲ್ಲಿನ ಡಾಕ್ಟರ್. ಅಪ್ಪ ಬಡೋದೆ ಆಸ್ಪತ್ರೆಯಲ್ಲಿ ಇದಾರೆ ಅಂತ."

"ಅಯ್ಯೋ, ಏನಾಯ್ತಂತೆ? ಓದೇ."

"ಡಯಾಬಿಟಿಸ್ ಅಂತೆ. ಅಂದ್ರೆ… ಪೇಶಾಬ್‌ನಲ್ಲಿ ಸಕ್ಕರೆ. ಅದರಿಂದ ಅವರ, ಇದು, ಹಲ್ಲಿನ ಕೆಳಗೆ ಇರತ್ತಲ್ಲ…"

"ವಸಡು."

"ಹಾಂ, ವಸಡು. ಅದು ಪೂರಾ ಸಡ್, ಅಂದ್ರೆ ಕೊಳೆತುಹೋಗಿದೆ. ಆಮೇಲೆ ಬರೆದಿದಾರೆ…" ಪ್ರೇಮಾ ನಿಲ್ಲಿಸಿದಳು.

"ಏನು ಬರೆದಿದಾರೆ?"

"ಈ ಕಾಯಿಲೆಯಲ್ಲಿ ಬಾಯಿಂದ ದಾರು ಹಾಗೆ ವಾಸನೆ ಬರುತ್ತೆ. ನಿಮ್ಮ ಪತಿ ಯಾವತ್ತೂ ದಾರು ಮುಟ್ಟಿಲ್ಲ, ಇದನ್ನ ನಾನು ಡಾಕ್ಟರ್ ಆಗಿ ಬರೆದು ಕೊಡ್ತೀನಿ. ಈ ಕಾಗದ ಆಫೀಸಿಗೆ ತೋರಿಸಿ ಅಂತ."

ಇಂದುಮತಿ ಕಾಗದವನ್ನು ತೆಗೆದುಕೊಂಡು, ಓದಲು ಬಾರದ ಆ ಅಕ್ಷರಗಳನ್ನು ನೋಡಿದಳು. ಎಲ್ಲಿ ಬರೆದಿದೆ, ತೋರಿಸು ಎಂದಳು. ಪ್ರೇಮಾ ಬೆರಳಿಟ್ಟು ತೋರಿಸಿದಳು. ಆ ಸಾಲಿನ ಮೇಲೆ ಆಕೆ ತನ್ನ ಬೆರಳನ್ನೂ ಇಟ್ಟು ಹಾಗೇ ನಿಂತಿದ್ದಳು.

ಪ್ರೇಮಾಳನ್ನು ಜಯಂತಿಯ ಮನೆಯಲ್ಲಿ ಬಿಟ್ಟು ಬಂದು, ಬಡೋದೆಯ ಆಸ್ಪತ್ರೆಯ ವಾರ್ಡಿನಲ್ಲಿ ಗಂಡನನ್ನು ಕಂಡಾಗ ಇಂದುಮತಿಗೆ ಮೊದಲು ಗುರುತೇ ಸಿಗಲಿಲ್ಲ. ಕೆನ್ನೆಯನ್ನು ಕೊಯ್ದು ಕೀವು ತೆಗೆದು ಪಟ್ಟಿ ಕಟ್ಟಿದ್ದರು. ಉಳಿದ ಮುಖದ ಮೇಲೆ, ಮೂಗಿನ ಕೆಳಗಿನಿಂದ, ಅವರೇ ಒಂದು ಟವಲು ಹೊದ್ದುಕೊಂಡಿದ್ದರು. ಆಕೆ ಮಂಚದ ಅಂಚಿನಲ್ಲಿ ಕೂರಲು ಹೋದರೆ ಕೈಯಿಂದ ಸ್ಟೂಲು ತೋರಿಸಿದರು.

"ಅಲ್ಲಿ ಕೂತ್ಕೊ. ವಾಸನೆ ಬರುತ್ತೆ."

"ಬರಲಿ ಬಿಡಿ."

"ನಿನಗೆ ಆಗಲ್ಲ ಕಣೆ. ದೂರ ಕೂತ್ಕೊ."

ಇಂದುಮತಿ ಮಂಚದ ಮೇಲೇ ಕೂತಳು. ಟವಲನ್ನು ತೆಗೆದಳು. ಅವರು ಹಿಡಿದುಕೊಳ್ಳಲು ನೋಡಿದರು, ಕೈಯಲ್ಲಿ ಬಲವಿರಲಿಲ್ಲ. ಬಟ್ಟಲಿನಲ್ಲಿದ್ದ ಔಷಧದ ನೀರಿಗೆ ಹತ್ತಿ ಅದ್ದಿ, ದಾದಿ ಹೇಳಿಕೊಟ್ಟ ಹಾಗೆ ಅವರ ವಸಡುಗಳನ್ನು ಒರೆಸಿದಳು. ಅಂದಿನಿಂದ ದಿನಕ್ಕೆ ನಾಲ್ಕು ಸಲ ಆಕೆಯೇ ಒರೆಸಿದಳು. ವಾಸನೆ ಬಂತು. ಆಕೆ ಮುಖವನ್ನು ಆ ಕಡೆ ಮಾಡಲಿಲ್ಲ.

ಇನ್ಸುಲಿನ್ ಶುರುವಾಗಿತ್ತು. ಬೆಳಗ್ಗೆ ಸಂಜೆ ದಾದಿ ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ ತರುವಳು. ನಾಲ್ಕು ದಿನಕ್ಕೆ ಬಾಯಾರಿಕೆ ಇಳಿಯಿತು, ಆ ಹಣ್ಣಿನ ವಾಸನೆ ಹೋಯಿತು. ಎಂಟನೆಯ ದಿನ ಜ್ವರ ಬಿಟ್ಟು, ಗಂಜಿ ಕುಡಿದು, ದಿಂಬಿಗೆ ಒರಗಿ ಕೂತರು. ಭರೂಚಾರ ತಂಗಿಯ ಮಗ ಬಂದು ನೋಡಿ, ಗುಜರಾತಿಗಳು ಅಕ್ಕನಿಗೆ ಅನ್ನುವ ಹಾಗೆ, ಇನ್ನು ಪರವಾಗಿಲ್ಲ ಬೆನ್, ಎಂದ. ಆ ಮಧ್ಯಾಹ್ನ ಇಂದುಮತಿಗೆ ಹೇಳುವ ಧೈರ್ಯ ಬಂತು.

"ನಾನು ನಿಮ್ಮ ಪೆಟ್ಟಿಗೆ ಹುಡುಕಬಾರದಿತ್ತು."

ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಏನೂ ಸಿಗಲಿಲ್ಲ, ಅಲ್ವಾ?"

"ಇಲ್ಲ."

"ಹೂಂ," ಎಂದರು. ಹೊದಿಕೆಯ ಅಂಚು ಎಳೆದುಕೊಂಡು ಕೇಳಿದರು, "ಪ್ರೇಮಾಗೆ ಪರೀಕ್ಷೆ ಯಾವತ್ತಿಂದ?"

"ಮುಂದಿನ ತಿಂಗಳು ಹದಿನೈದು."

"ಲೆಕ್ಕದಲ್ಲಿ ಆತುರ ಮಾಡ್ತಾಳೆ. ಎರಡು ಸಲ ನೋಡು ಅಂತ ಹೇಳು."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಆಕೆಯೂ ಇನ್ನೊಮ್ಮೆ ಕೇಳಲಿಲ್ಲ. ಕೇಳಲು ಇನ್ನೂ ದಿನಗಳಿವೆ ಎಂದುಕೊಂಡಳು.

ಹತ್ತನೆಯ ದಿನ ಚಳಿ ಹತ್ತಿ ಜ್ವರ ಮರಳಿತು. ದವಡೆಯ ನಂಜು ರಕ್ತಕ್ಕೆ ಇಳಿದಿದೆ ಎಂದರು ವೈದ್ಯರು. ಪೆನಿಸಿಲಿನ್ ಹೆಚ್ಚಿಸಿದರು. ಹನ್ನೊಂದನೆಯ ದಿನ ಮಧ್ಯಾಹ್ನ, ಹೊರಗೆ ಆಲದ ಮರದ ಕೆಳಗೆ ರೋಗಿಗಳ ಕಡೆಯವರು ರೊಟ್ಟಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಸೀತಾರಾಮಯ್ಯ ತೀರಿಕೊಂಡರು. ಆ ಬೆಳಗ್ಗೆಯಷ್ಟೇ ಅಹಮದಾಬಾದಿನಿಂದ ಬಂದಿದ್ದ ಪ್ರೇಮಾ ಅವರ ಕಾಲ ಬಳಿ ಇದ್ದಳು. ಇಂದುಮತಿಯ ಕೈಯಲ್ಲಿ ಅದ್ದಿದ ಹತ್ತಿ ಇತ್ತು.

ಹದಿಮೂರು ದಿನಗಳ ಕರ್ಮವೆಲ್ಲ ಮುಗಿದ ಮೇಲೆ ಇಂದುಮತಿ ಮಗಳನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಹೋದಳು. ಅದುವರೆಗೆ ಆಕೆ ಗಂಡನ ಆಫೀಸಿನ ಗೇಟು ದಾಟಿದವಳಲ್ಲ. ತ್ರಿವೇದಿ ಎದ್ದು ನಿಂತು ಕೈ ಮುಗಿದು, ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ. ಭರೂಚಾರ ಕಾಗದವನ್ನು ಮೇಜಿನ ಮೇಲಿಟ್ಟು, ಬರುವಷ್ಟು ಹಿಂದಿಯಲ್ಲಿ ಹೇಳಿದಳು.

"ಓದಿ ಸಾಹೇಬ್. ಗಟ್ಟಿಯಾಗಿ ಓದಿ."

ತ್ರಿವೇದಿ ಓದಿದರು. ಅರ್ಧಕ್ಕೆ ಬಂದಾಗ ದನಿ ತಗ್ಗಿತು. ಬಾಗಿಲ ಹೊರಗೆ ಇಬ್ಬರು ಗುಮಾಸ್ತರು ಬಂದು ನಿಂತಿದ್ದರು. ಮುಗಿಸಿದ ಮೇಲೆ ಕಾಗದವನ್ನು ಮಡಿಸಲು ಹೋಗಿ, ಮಡಿಸದೆ ಮೇಜಿನ ಮೇಲೇ ಹಾಗೇ ಇಟ್ಟರು.

"ಬೆನ್, ಇನ್ನೊಂದು ವಿಷಯ ಇದೆ," ಎಂದರು. "ಮಳೆಗಾಲದಲ್ಲಿ ಆ ಪೀಪಾಯಿಯ ತಳದ ಬೆಸುಗೆ ಬಿಟ್ಟದ್ದು ಕಂಡಿತು. ಸ್ಪಿರಿಟ್ ಅಲ್ಲಿಂದ ಆರಿಹೋಗಿತ್ತು. ಬದಲಾಯಿಸಿದೆವು."

ಪ್ರೇಮಾ ತಾಯಿಗೆ ಕನ್ನಡದಲ್ಲಿ ಹೇಳಿದಳು.

"ಮಳೆಗಾಲದಲ್ಲೇ ಗೊತ್ತಾಯಿತಾ?" ಇಂದುಮತಿ ಕೇಳಿದಳು. "ಅವರು ಸೂರತಿನಲ್ಲಿ ಇನ್ನೂ ಬದುಕಿದ್ದರಲ್ಲ. ಒಂದು ಕಾರ್ಡು ಹಾಕಬಾರದಿತ್ತೇ?"

ತ್ರಿವೇದಿ ಮೇಜಿನ ಮೇಲಿನ ಕಾಗದವನ್ನು ನೇರ ಮಾಡಿಟ್ಟರು. ವಾಸನೆ ನಾನೇ ನೋಡಿದ್ದರಿಂದ, ಪೀಪಾಯಿ ಸೋರಿದರೂ ಮನುಷ್ಯ ಕುಡಿದದ್ದು ನಿಜವೇ ಎಂದುಕೊಂಡಿದ್ದೆ ಎಂದು ಮೆಲ್ಲಗೆ ಹೇಳಿದರು. ಆ ಮಾತಿಗೆ ಇಂದುಮತಿ ತಲೆ ತಗ್ಗಿಸಿದಳು. ತಾನೂ ಅಂದುಕೊಂಡದ್ದು ಅದನ್ನೇ.

ಕಡತದಲ್ಲಿ ಬರೆದದ್ದನ್ನು ತೆಗೆಯಲು ನಿಯಮವಿಲ್ಲ, ಅದರ ಕೆಳಗೆ ಬರೆಯಬಹುದು ಎಂದರು ತ್ರಿವೇದಿ. ಬರೆಯಿರಿ ಎಂದಳು. ಅವರು ಕಡತ ತರಿಸಿ, ಆಕೆಯ ಎದುರಿಗೇ ಬರೆದರು: ಮೇಲಿನ ಸಂದೇಹ ತಪ್ಪು. ಇವರು ಮದ್ಯಪಾನ ಮಾಡುತ್ತಿರಲಿಲ್ಲ. ಇವರಿಗೆ ಮಧುಮೇಹವಿತ್ತು. ಸಹಿ ಹಾಕಿ, ತಾರೀಕು ಹಾಕಿದರು. ಪ್ರೇಮಾ ಓದಿ ಸರಿಯಿದೆ ಎಂದು ತಲೆಯಾಡಿಸಿದ ಮೇಲೆಯೇ ಇಂದುಮತಿ ಹೊರಗೆ ಬಂದಳು.

ಬಸ್ಸಿಗೆ ಕಾಯುತ್ತ ನಿಂತಾಗ ಆಕೆ ಹೇಳಿದಳು, "ನಾನೂ ನಂಬಲಿಲ್ಲ ಕಣೆ. ನಿನ್ನ ತಲೆ ಮುಟ್ಟಿ ಹೇಳಿದ ಮೇಲೂ ನಂಬಲಿಲ್ಲ."

"ಗೊತ್ತು ಅಮ್ಮ," ಎಂದಳು ಪ್ರೇಮಾ. "ನಾನು ನಂಬಿದ್ದೆ. ಆದರೆ ಅಪ್ಪಂಗೆ ಹೇಳಲಿಲ್ಲ."

ಬಸ್ಸು ಬಂದಾಗ ಅವಳೇ ತಾಯಿಯ ಕೈ ಹಿಡಿದು ಹತ್ತಿಸಿದಳು.

ಮಾರ್ಚ್ ಹದಿನೈದಕ್ಕೆ ಪರೀಕ್ಷೆ ಶುರುವಾಯಿತು. ಮೊದಲ ದಿನ ಇಂದುಮತಿ ಶಾಲೆಯ ಗೇಟಿನ ಹೊರಗೆ, ಬೇರೆ ತಾಯಂದಿರ ನಡುವೆ ನೆರಳಲ್ಲಿ ಕೂತಿದ್ದಳು. ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ಆಕೆಯ ಬರಿಯ ಹಣೆ ನೋಡಿ, ಯಜಮಾನರಿಗೆ ಏನಾಗಿತ್ತು ಬೆನ್, ಎಂದು ಕೇಳಿದಳು. ಒಂದು ತಿಂಗಳಿಂದ ಇಂದುಮತಿ ಈ ಪ್ರಶ್ನೆಗೆ ಜ್ವರ ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಈ ಸಲ ಯಾಕೋ ಎಲ್ಲವನ್ನೂ ಹೇಳಿದಳು. ತನ್ನ ಹರಕು ಗುಜರಾತಿಯಲ್ಲಿ, ವಸಡಿನ ರಕ್ತ, ಬಾಯಾರಿಕೆ, ಇರುವೆ, ವಾಸನೆ, ಊರಿನ ಮಾತು, ಒಂದನ್ನೂ ಬಿಡದೆ.

ಆ ಹೆಂಗಸು ಗಾಳಿಗೆ ಆಡಿಸುತ್ತಿದ್ದ ಸೆರಗನ್ನು ಕೈಬಿಟ್ಟು ಕೇಳಿದಳು. ಕಡೆಗೆ, "ನಮ್ಮವರಿಗೂ ಹಲ್ಲು ತಿಕ್ಕುವಾಗ ರಕ್ತ ಬರುತ್ತೆ," ಎಂದಳು. "ಬೇಸಿಗೆಯ ಉಷ್ಣ ಅಂತಾರೆ. ನೀರೂ ತುಂಬ ಕುಡೀತಾರೆ."

ಇಂದುಮತಿ ಆಕೆಯ ಕೈ ಹಿಡಿದುಕೊಂಡಳು.

"ಎಲ್ಲಿದ್ದಾರೆ ಈಗ?"

"ಅಂಗಡಿಯಲ್ಲಿ."

"ಇವತ್ತೇ ಕರೆದುಕೊಂಡು ಹೋಗಿ. ಬೇಡ ಅಂದರೂ ಬಿಡಬೇಡಿ. ಸಂಜೆಯವರೆಗೆ ಕಾಯಬೇಡಿ ಬೆನ್, ಈಗಲೇ ಎದ್ದು ಹೋಗಿ. ನಿಮ್ಮ ಹುಡುಗಿ ಹೊರಗೆ ಬಂದರೆ ನಾನು ನೋಡಿಕೊಳ್ತೀನಿ."

ಹೆಂಗಸು ಅನುಮಾನಿಸಿದಳು; ಮಗಳ ಹೆಸರು ಮೀರಾ, ಎರಡು ಜಡೆ, ನೀಲಿ ರಿಬ್ಬನ್ನು ಎಂದು ಹೇಳಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಎದ್ದು, ಬಿಸಿಲಿನಲ್ಲಿ ಬೇಗ ಬೇಗ ನಡೆದು ಹೋದಳು. ಇಂದುಮತಿ ಆಕೆ ಬಿಟ್ಟುಹೋದ ಜಾಗಕ್ಕೆ ಸರಿದು, ಗೇಟು ಕಾಣುವ ಹಾಗೆ ತಿರುಗಿ ಕೂತಳು.